ಮಲಗಿದಾಳೆ ಅನ್ನಬೇಡ

ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಹೊಸ ಮಕ್ಕಳು ಸೇರಿದ ವಾರವೇ ನನ್ನನ್ನು ವೇದಿಕೆ ಹತ್ತಿಸುತ್ತಾರೆ. ಆರೋಗ್ಯ, ಸುರಕ್ಷತೆ ಅಂತ ಒಂದು ಗಂಟೆ ಮಾತಾಡಬೇಕು. ಕೈಗೆ ಅಚ್ಚು ಹಾಕಿಸಿದ ಹಾಳೆಯನ್ನೂ ಕೊಡುತ್ತಾರೆ. ನೀರು ಕುಡಿಯಿರಿ, ಎಂಟು ಗಂಟೆ ನಿದ್ದೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ. ಮಕ್ಕಳು ತಲೆ ತಗ್ಗಿಸಿ ಮೊಬೈಲು ನೋಡುತ್ತಿರುತ್ತಾರೆ. ನನಗೂ ಅದನ್ನು ಓದುವಾಗ ಮೈಯೆಲ್ಲ ಉರಿಯುತ್ತದೆ. ಅದರಲ್ಲಿ ಬರೆದಿರುವುದೆಲ್ಲ ಸರಿಯೇ, ಬರೆದವರನ್ನು ಬೈಯಲು ನನಗೇನೂ ಕಾರಣವಿಲ್ಲ. ಆದರೆ ನನಗೆ ಗೊತ್ತಿರುವ ಒಂದು ಸಂಗತಿ ಆ ಹಾಳೆಯಲ್ಲಿಲ್ಲ. ಅದನ್ನು ಒಂದು ಸಾಲಿನಲ್ಲಿ ಬರೆದುಕೊಡಿ ಎಂದರೆ ನನಗೂ ಬರುವುದಿಲ್ಲ. ನಮ್ಮ ಹಾಸ್ಟೆಲಿನ ನರ್ಸಕ್ಕನ ಕತೆಯನ್ನೇ ಹೇಳಬೇಕಾಗುತ್ತದೆ.

ಎದುರಿಗೆ ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು, ಬೆನ್ನ ಹಿಂದೆ ಟಕಟಕ. ಮೂರು ಮಹಡಿಯ ಹಾಸ್ಟೆಲು, ನಲವತ್ತೆರಡು ರೂಮು. ಕೆಳಗೆ ಮೆಟ್ಟಿಲ ಪಕ್ಕದ ಕೋಣೆಯೇ ಸಿಕ್ ರೂಮು. ಎರಡು ಮಂಚ, ಒಂದು ಕಬ್ಬಿಣದ ಬೀರು, ಎಲ್ಲರಿಗೂ ಎರಡು ಕಿಲೋ ಕಮ್ಮಿ ತೋರಿಸುವ ತೂಕದ ಯಂತ್ರ. ಆ ಯಂತ್ರವನ್ನು ಮಾತ್ರ ನಾವು ಮನಸಾರೆ ಪ್ರೀತಿಸುತ್ತಿದ್ದೆವು. ಬೆಳಗ್ಗೆ ಹತ್ತಕ್ಕೆ, ಹುಡುಗಿಯರು ಕ್ಲಾಸಿಗೆ ಹೊರಡುವ ಹೊತ್ತಿಗೆ, ಅಕ್ಕ ಊಟದ ಕೋಣೆಯಿಂದ ತಿಂಡಿಯ ಹಾಜರಿ ಪುಸ್ತಕ ತರಿಸಿಕೊಳ್ಳುತ್ತಿದ್ದರು. ಯಾರು ತಿಂಡಿಗೆ ಬಂದಿಲ್ಲವೋ ಅವರ ರೂಮಿಗೆ ಹತ್ತಿ ಹೋಗಿ ಬೀಗದ ಕೈಗೊಂಚಲಿನಿಂದ ಬಾಗಿಲು ಕುಟ್ಟುತ್ತಿದ್ದರು. ಟಕ ಟಕ. ಕೈಯಲ್ಲಿ ಥರ್ಮಾಮೀಟರು, ಕೋಟಿನ ಜೇಬಿನಲ್ಲಿ ಒಂದು ಗಾಜಿನ ಲೋಟ. ಲೋಟ ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಕದ್ದುಮುಚ್ಚಿ ಏನೋ ಕುಡಿಯುತ್ತಾರೆ ಎಂದು ನಾವು ಮಾತಾಡಿಕೊಂಡು ನಗುತ್ತಿದ್ದೆವು.

ಬಾಗಿಲು ತೆಗೆದ ಮೇಲಾದರೂ ಬಿಡುತ್ತಿದ್ದರೇ? ಕ್ಲಾಸಿಗೆ ಚಕ್ಕರ್ ಹೊಡೆದು ಹೊದ್ದುಕೊಂಡವಳನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದರು.

"ಎದ್ದು ನಿಂತ್ಕೋ. ಗದ್ದ ಎದೆಗೆ ತಾಗಿಸು. ನಿನ್ನೆ ಮಧ್ಯಾಹ್ನ ಏನ್ ತಿಂದೆ ಹೇಳು."

"ಅಕ್ಕಾ, ನಿದ್ದೆ ಬರ್ತಿದೆ ಅಷ್ಟೇ."

"ಬರ್ಲಿ. ಗದ್ದ ತಾಗಿಸಿ ಆಮೇಲೆ ನಿದ್ದೆ ಮಾಡು."

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದು ಮಾತು ಕಿವಿಗೆ ಬಿದ್ದರೆ ಅಕ್ಕ ಅಕ್ಕನಾಗಿ ಇರುತ್ತಿರಲಿಲ್ಲ. ನಿನ್ನ ರೂಮಿನವಳು ಎಲ್ಲಿ ಎಂದು ಕೇಳಿದಾಗ ಯಾರಾದರೂ "ಮಲಗಿದಾಳೆ" ಅಂದರೆ ಮುಗಿಯಿತು, ಮುಖ ಬಿಳಿಚಿಕೊಳ್ಳುತ್ತಿತ್ತು.

"ಮಲಗಿದಾಳೆ ಅನ್ಬೇಡ. ನಿದ್ದೆ ಮಾಡ್ತಿದಾಳೋ, ಏಳೋಕಾಗ್ದೆ ಬಿದ್ಕೊಂಡಿದಾಳೋ? ನೋಡ್ಕೊಂಡು ಬಂದು ಎರಡರಲ್ಲಿ ಒಂದು ಹೇಳು."

ನಮಗೋ ತಲೆಬುಡ ಅರ್ಥವಾಗುತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಗಾಢ ನಿದ್ದೆಯಲ್ಲಿರುವವಳೂ ಮಲಗಿದಾಳೆ, ಪುಸ್ತಕ ಹಿಡಿದು ಹಾಸಿಗೆಯ ಮೇಲೆ ಕಾಲು ಚಾಚಿದವಳೂ ಮಲಗಿದಾಳೆ, ಜ್ವರ ಬಂದು ಎದ್ದು ಕೂರಲಾಗದವಳೂ ಮಲಗಿದಾಳೆ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತನ್ನು ಈಯಮ್ಮ ಬಂದು ಆಡಬೇಡಿ ಎಂದರೆ? ತಾವಂತೂ ಅಪ್ಪಿತಪ್ಪಿಯೂ ಆಡುತ್ತಿರಲಿಲ್ಲ. ಅಡ್ಡಾಗು ಎನ್ನುವರು, ಒರಗಿಕೋ ಎನ್ನುವರು, ಮಲಗು ಎಂದು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಇನ್ನೊಂದಿತ್ತು. ಎರಡನೇ ಮಹಡಿಯ ಹದಿನಾಲ್ಕನೇ ರೂಮಿನಲ್ಲಿ ಯಾರೂ ಇರಲಿಲ್ಲ. ಹಳೆಯ ಹಾಸಿಗೆಗಳನ್ನು ಒಟ್ಟಿ ಬೀಗ ಹಾಕಿದ್ದರು. ಅಕ್ಕ ದಿನವೂ ಆ ಬಾಗಿಲನ್ನೂ ತಟ್ಟುತ್ತಿದ್ದರು. ತಟ್ಟಿ, ಒಂದು ಗಳಿಗೆ ನಿಂತು, ಒಳಗಿನಿಂದ ಯಾರೋ ಬರುವುದಕ್ಕೆ ಹೊತ್ತು ಕೊಡುವವರ ಹಾಗೆ ಕಾದು, ಮುಂದೆ ಹೋಗುತ್ತಿದ್ದರು. ನಾನೇ ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ. ಒಳಗಿನಿಂದ "ಬಂದೆ ಅಕ್ಕಾ" ಎಂದು ಸಣ್ಣ ದನಿಯೊಂದು ಕೇಳುತ್ತದೆ ಎಂಬ ಸುದ್ದಿ ಹಾಸ್ಟೆಲಿನಲ್ಲಿ ಹಬ್ಬಿತ್ತು. ಹೊಸ ಹುಡುಗಿಯರು ಆ ಬಾಗಿಲ ಮುಂದೆ ಓಡುತ್ತಲೇ ದಾಟುತ್ತಿದ್ದರು. ಆ ಸುದ್ದಿ ಹಬ್ಬಿಸಿದವಳು ನಾನೇ. ಆಗ ನನ್ನ ಬಾಯಿಗೆ ಲಂಗುಲಗಾಮು ಇರಲಿಲ್ಲ. ಅಕ್ಕ ನನಗೆ ಇಟ್ಟಿದ್ದ ಹೆಸರು ಬಾಯಿಬಡುಕಿ.

ಅಕ್ಕನನ್ನು ಓಡಿಸುವ ಆಟ ಕಂಡುಹಿಡಿದವಳೂ ನಾನೇ. ಮೇಲಿನ ಕಟಾಂಜನಕ್ಕೆ ಒರಗಿ "ಅಕ್ಕಾ, ಮೂವತ್ತೊಂದರಲ್ಲಿ ಮಲಗಿದಾಳೇ" ಎಂದು ಕೂಗುವುದು. ಟೀ ಲೋಟ ಅಲ್ಲೇ ಬಿಟ್ಟು, ನೋಯುವ ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬರುತ್ತಿದ್ದರು. ಬಂದರೆ ಮೂವತ್ತೊಂದರವಳು ಉಗುರಿಗೆ ಬಣ್ಣ ಹಚ್ಚಿಕೊಂಡು ಕೂತಿರುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಬೈದಿದ್ದರೆ ಎರಡೇ ದಿನಕ್ಕೆ ಬಿಡುತ್ತಿದ್ದೆವೇನೋ. ಬೈಯುತ್ತಿರಲಿಲ್ಲ. ಅವಳ ಗದ್ದ ಎದೆಗೆ ತಾಗಿಸಿ ನೋಡಿ, ಸುಮ್ಮನೆ ಇಳಿದು ಹೋಗುತ್ತಿದ್ದರು. ಒಂದೇ ವಾರದಲ್ಲಿ ಮೂರು ಸಲ ಹಾಗೆ ಹತ್ತಿಸಿದೆವು.

ನನ್ನ ರೂಮಿನವಳು ಮಾತ್ರ ಈ ಆಟಕ್ಕೆ ಸೇರುತ್ತಿರಲಿಲ್ಲ. ಪುಟ್ಟ ಆಳು, ಪುಟ್ಟ ದನಿ, ನಾವು ಗುಬ್ಬಿ ಎನ್ನುತ್ತಿದ್ದೆವು. "ಪಾಪ ಕಣೇ, ಮಂಡಿ ನೋವು ಅವರಿಗೆ, ಬೇಡ" ಎನ್ನುವಳು. "ನೀನು ದೊಡ್ಡ ಧರ್ಮರಾಯನ ತಂಗಿ" ಎಂದು ನಾನು ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ದಿನ. ನನ್ನದು ಬೆಳಗಿನ ತಂಡ, ಗುಬ್ಬಿಯದು ಮಧ್ಯಾಹ್ನದ್ದು. ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಗುಬ್ಬಿ ಗೋಡೆಯ ಕಡೆ ತಿರುಗಿಕೊಂಡು, "ಕರ್ಟನ್ ಎಳೆಯೇ, ಬೆಳಕು ಚುಚ್ಚುತ್ತೆ, ತಲೆ ಸಿಡೀತಿದೆ" ಅಂದಳು.

"ಪರೀಕ್ಷೆ ದಿನ ಎಲ್ಲರ ತಲೇನೂ ಸಿಡಿಯುತ್ತೆ. ನಾಟಕ ಸಾಕು, ಏಳು."

ಅವಳು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಕರ್ಟನ್ ಎಳೆದೆ, ಅಷ್ಟಾದರೂ ಮಾಡಿದೆ. ದಡದಡ ಇಳಿದು ಬಂದರೆ ಸಿಕ್ ರೂಮಿನ ಬಾಗಿಲಲ್ಲಿ ಅಕ್ಕ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು.

"ಬಾಯಿಬಡುಕಿ, ಗುಬ್ಬಿ ತಿಂಡಿಗೆ ಬಂದಿಲ್ಲ. ಎಲ್ಲಿ?"

ನಾನು ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಗೆಳತಿಯೊಬ್ಬಳಿದ್ದಳು. ಅವಳಿಗೆ ಕಣ್ಣು ಹೊಡೆದು, ರಾಗವಾಗಿ ಎಳೆದು ಹೇಳಿದೆ. "ಮಲಗಿದಾಳೇ ಅಕ್ಕಾ."

ಗೆಳತಿ ಕಿಸಕ್ಕೆಂದಳು. ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದೆವು. ಅಕ್ಕ ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಎಷ್ಟು ಸಲ ಬೇಸ್ತು ಬಿದ್ದರೂ ಬುದ್ಧಿ ಬರಲ್ಲ ಇವರಿಗೆ ಎಂದು ಮತ್ತೆ ನಕ್ಕೆವು.

ಒಂದು ಗಂಟೆಗೆ ವಾಪಸು ಬಂದಾಗ ಗೇಟಿನಲ್ಲಿ ಕಾವಲಿನಾಕೆ ನನ್ನ ಕೈ ಹಿಡಿದುಕೊಂಡಳು. "ನಿನ್ನ ರೂಮಿನ ಹುಡುಗೀನ ಆಸ್ಪತ್ರೆಗೆ ಎತ್ಕೊಂಡು ಹೋದ್ರಮ್ಮ. ನಿಮ್ಮಕ್ಕ ತಾವೇ ತೋಳಲ್ಲಿ ಎತ್ಕೊಂಡು ಮೂರು ಮಹಡಿ ಇಳಿದ್ರು. ಆ ಮಗೂಗೆ ಕತ್ತು ಬಗ್ಗಲಿಲ್ಲವಂತೆ, ತನ್ನ ಹೆಸರೇ ಹೇಳೋಕೆ ಬರ್ಲಿಲ್ಲವಂತೆ. ಕಾಲ ಮೇಲೆ ಕೆಂಪು ಚುಕ್ಕೆ. ಲೋಟ ಒತ್ತಿ ನೋಡಿದ್ರು, ಚುಕ್ಕೆ ಮಾಯ ಆಗ್ಲಿಲ್ಲ. ಅಷ್ಟೇ, ಕೂಗ್ಕೊಂಡ್ರು ನೋಡು."

ಲೋಟ ಯಾಕೆಂದು ಆಗ ಗೊತ್ತಾಯಿತು. ಅಲ್ಲಿಂದಲೇ ಆಸ್ಪತ್ರೆಗೆ ಓಡಿದೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಮೆದುಳು ಜ್ವರ, ಬಗ್ಗದ ಕತ್ತು, ಲೋಟ ಒತ್ತಿದರೂ ಮಾಯವಾಗದ ಚುಕ್ಕೆ ಅದರದೇ ಗುರುತು ಎಂದರು. ಔಷಧಿ ಹಿಡಿದಿದೆ, ಬದುಕುತ್ತಾಳೆ ಎಂದರು. "ಇನ್ನೆರಡು ಗಂಟೆ ತಡ ಆಗಿದ್ದಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ. ಸರಿಯಾದ ಹೊತ್ತಿಗೆ ತಂದ್ರಿ ಸಿಸ್ಟರ್." ವಾರ್ಡನ್ ಅಕ್ಕನ ಭುಜ ತಟ್ಟಿ, ನೀವು ದೇವರ ಹಾಗೆ ಬಂದಿರಿ ಎಂದು ಕಣ್ಣೊರೆಸಿಕೊಂಡರು. ಅಕ್ಕನ ಮುಖ ನೋಡಿದೆ. ಒಳ್ಳೆಯ ಸುದ್ದಿ ಕೇಳಿದವರ ಮುಖ ಹಾಗಿರುವುದಿಲ್ಲ. ಕೆನ್ನೆಯ ರಕ್ತವೆಲ್ಲ ಇಳಿದುಹೋಗಿತ್ತು.

ವಾರ್ಡನ್ ಅತ್ತ ಹೋದ ಮೇಲೆ ನಾನು ಅವರ ಕಾಲ ಹತ್ತಿರವೇ ಕುಸಿದು ಕೂತೆ. ಆಟಕ್ಕೆ ಹೇಳಿದ್ದು, ಗುಬ್ಬಿಗೆ ಹುಷಾರಿಲ್ಲ ಎಂದು ನನಗೆ ಗೊತ್ತಾಗಲಿಲ್ಲ, ನಾನು ಪಾಪಿ ಎಂದು ಬಿಕ್ಕಿದೆ.

"ಏಳೇ. ಆಟಕ್ಕೋ ನಿಜಕ್ಕೋ, ಹೇಳಿದ್ಯಲ್ಲ. ನಾನು ಹತ್ತಿ ಬಂದೆ. ಮುಗೀತು." ನನ್ನನ್ನು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿ ಕೇಳಿದರು. "ಎರಡು ಗಂಟೆ ಅಂದ್ರಲ್ಲ, ಕೇಳಿಸ್ಕೊಂಡ್ಯಾ?"

"ಹೂಂ ಅಕ್ಕ."

"ನನಗೆ ನಾಲ್ಕು ಗಂಟೆ ಇತ್ತು."

ಅಕ್ಕ ಹೇಳಿದ್ದು ಅದಕ್ಕೂ ಹನ್ನೊಂದು ವರ್ಷದ ಹಿಂದಿನ ಮಾತು. ಅಕ್ಕ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೇ. ಅವತ್ತು ಇಡೀ ಕಾಲೇಜಿನ ಹೊಸ ಹುಡುಗಿಯರ ಆರೋಗ್ಯ ತಪಾಸಣೆ. ಕೆಳಗೆ ಇನ್ನೂರು ಜನ ಸಾಲು ನಿಂತಿದ್ದರು. ಮಧ್ಯೆ ಬಿಡುವು ಮಾಡಿಕೊಂಡು ಹನ್ನೆರಡಕ್ಕೆ ಮಹಡಿ ಹತ್ತಿದರು. ಹದಿನಾಲ್ಕನೇ ರೂಮಿನ ಬಾಗಿಲು ಅರ್ಧ ತೆರೆದಿತ್ತು. ರೂಮಿನ ಇನ್ನೊಬ್ಬ ಹುಡುಗಿ ಹೊರಡುವ ಅವಸರದಲ್ಲಿ, "ಬೆಳಗ್ಗೆಯಿಂದ ಮಲಗಿದಾಳೆ ಅಕ್ಕ" ಎಂದಳು. ಅಕ್ಕ ಒಂದು ಕಾಲನ್ನು ಹೊಸ್ತಿಲೊಳಗೆ ಇಟ್ಟರು. ಕೆಳಗಿನಿಂದ ಯಾರೋ ಅವರನ್ನು ಕೂಗುತ್ತಿದ್ದರು. "ಮಲಗಲಿ ಬಿಡು, ಎಬ್ಬಿಸ್ಬೇಡ" ಎಂದು, ಸದ್ದಾಗದ ಹಾಗೆ ಕದ ಎಳೆದುಕೊಂಡು ಇಳಿದುಬಿಟ್ಟರು. ನಾಲ್ಕು ಗಂಟೆಗೆ ಆ ಹುಡುಗಿ ವಾಪಸು ಬಂದು ಕಿರುಚಿದಾಗಲೇ ಗೊತ್ತಾಗಿದ್ದು. ಅದೂ ಇದೇ ಮೆದುಳು ಜ್ವರ. ಆಸ್ಪತ್ರೆಯಲ್ಲಿ ಒಂದು ಗಂಟೆಯೂ ಬದುಕಲಿಲ್ಲ.

"ರಿಪೋರ್ಟಲ್ಲಿ ಬರೆದೆ, ಹನ್ನೆರಡಕ್ಕೆ ನೋಡಿದಾಗ ಮಲಗಿದ್ದರು ಅಂತ. ಯಾರೂ ಮುಂದಕ್ಕೆ ಒಂದು ಪ್ರಶ್ನೆ ಕೇಳ್ಲಿಲ್ಲ. ಅವಳು ನಿದ್ದೆ ಮಾಡ್ತಿರಲಿಲ್ಲ ಕಣೇ. ಕಣ್ಣು ಬಿಟ್ಕೊಂಡಿದ್ಲು. ನನ್ನೇ ನೋಡಿದ್ಲು. ಬರೆದಿದ್ದು ಸುಳ್ಳಾಗಿದ್ರೆ ಯಾವತ್ತೋ ಒಪ್ಕೊಂಡುಬಿಡ್ತಿದ್ದೆ. ಸುಳ್ಳಲ್ಲ, ಮಲಗಿದ್ಲು ಅನ್ನೋದು ನಿಜ. ಅದೇ ನನ್ನ ಹಣೆಬರಹ."

ಆ ರೋಗಕ್ಕೆ ಬೇಗ ತಂದರೂ ಅಷ್ಟೇ, ತಡವಾಗಿ ತಂದರೂ ಅಷ್ಟೇ ಎಂದು ಹನ್ನೊಂದು ವರ್ಷ ಅಕ್ಕ ತಮಗೆ ತಾವೇ ಹೇಳಿಕೊಂಡಿದ್ದರು. ಇವತ್ತು ಗುಬ್ಬಿ ಬದುಕಿದಳು. ಇನ್ನು ಹಾಗೆ ಹೇಳಿಕೊಳ್ಳುವ ಹಾಗಿರಲಿಲ್ಲ.

ನಮ್ಮ ಮಹಡಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಸೋಂಕು ಹರಡದ ಹಾಗೆ ಮಾತ್ರೆ ನುಂಗಿಸಿದರು. ಗುಬ್ಬಿ ಒಂದು ತಿಂಗಳಿಗೆ ಮನೆಯಿಂದ ವಾಪಸು ಬಂದಳು. ಎಡಗಿವಿ ಕೇಳಿಸದೆ ಹೋಗಿತ್ತು. ಅವಳ ಬಲಕ್ಕೇ ನಡೆಯುವುದು ನಮಗೆಲ್ಲ ಅಭ್ಯಾಸವಾಯಿತು. ಅಕ್ಕನನ್ನು ಓಡಿಸುವ ಆಟ ನಿಂತಿತು. ನಾನು ಬಿಡುವಿದ್ದಾಗಲೆಲ್ಲ ಸಿಕ್ ರೂಮಿಗೆ ಹೋಗಿ ಕೂರುತ್ತಿದ್ದೆ, ಹತ್ತಿ ಸುತ್ತುವುದು, ಮಾತ್ರೆಯ ಡಬ್ಬಿಗೆ ಚೀಟಿ ಅಂಟಿಸುವುದು. ಅಲ್ಲಿ ಕೂತಾಗಲೇ ಆ ತಾಯಿಯ ವಿಷಯ ಗೊತ್ತಾಯಿತು.

ಸತ್ತ ಹುಡುಗಿಯ ತಾಯಿ ಪ್ರತಿ ವರ್ಷ ಅದೇ ದಿನ, ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿದ್ದರಂತೆ. ಒಂದು ಗಂಟೆ ಕೂತು ಹೋಗುತ್ತಿದ್ದರಂತೆ. ಕೂಗಾಟವಿಲ್ಲ, ಅಳುವಿಲ್ಲ. ಮಗಳ ರೂಮಿನ ಕಿಟಕಿ ಯಾವ ಕಡೆಗಿತ್ತು ಎಂದು ಕೇಳುತ್ತಿದ್ದರು. ಆಮೇಲೆ, "ಸಿಸ್ಟರ್, ನೀವು ನೋಡಿದಾಗ ಅವಳು ಏನ್ ಮಾಡ್ತಿದ್ಲು?" ಎಂದು ಕೇಳುತ್ತಿದ್ದರು. "ಮಲಗಿದ್ಲು ಅಮ್ಮ" ಎಂದು ಅಕ್ಕ ಹೇಳುತ್ತಿದ್ದರು. ವರ್ಷಕ್ಕೆ ಒಂದೇ ಸಲ ಆ ಮಾತು ಅವರ ಬಾಯಿಂದ ಬರುತ್ತಿದ್ದುದು. ಆ ತಾಯಿ ತಲೆಯಾಡಿಸಿ, ನೀರು ಕುಡಿದು, ಎದ್ದು ಹೋಗುತ್ತಿದ್ದರು. ಅಷ್ಟಕ್ಕೇ ಅಕ್ಕನಿಗೆ ಒಂದು ವಾರ ಅನ್ನ ಸೇರುತ್ತಿರಲಿಲ್ಲ.

"ನಿದ್ದೇಲೇ ಹೋದ್ಲು, ನೋವು ತಿನ್ನಲಿಲ್ಲ ಅಂತ ಆಯಮ್ಮ ಅಂದ್ಕೊಂಡಿದಾರೆ. ಹೇಗೆ ಹೇಳ್ಲಿ? ಪ್ರತಿ ಸಲ ಹೇಳ್ಬೇಕು ಅಂದ್ಕೋತೀನಿ. ಮುಖ ನೋಡಿದ ತಕ್ಷಣ ಮತ್ತೆ ಅದೇ ಮಾತು ಬಾಯಿಗೆ ಬರುತ್ತೆ."

"ಹೇಳಿಬಿಡಿ ಅಕ್ಕ" ಎಂದೆ. ಹತ್ತೊಂಬತ್ತು ವರ್ಷದವಳಿಗೆ ಎಲ್ಲವೂ ಸಲೀಸು. "ಹೇಳಿಬಿಟ್ರೆ ಮನಸ್ಸು ಹಗುರ ಆಗುತ್ತೆ. ಅವರಿಗೂ ಸತ್ಯ ಗೊತ್ತಾಗ್ಬೇಕಲ್ವಾ?"

ಅಕ್ಕ ಮಾತ್ರೆಯ ಡಬ್ಬಿ ಮುಚ್ಚಿ ಎದ್ದರು. ಆ ದಿನ ಹತ್ತಿರ ಬರುತ್ತಿದ್ದ ಹಾಗೆ ಊಟ ಬಿಟ್ಟರು. ಹದಿನಾಲ್ಕನೇ ರೂಮಿನ ಬಾಗಿಲ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಯಿತು. ಒಂದು ಬೆಳಗ್ಗೆ ಆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದನ್ನು ನೋಡಿದೆ. ನಾನು ಕಟ್ಟಿದ ಕತೆ ಅವರ ಕಿವಿಗೂ ಬಿದ್ದಿತ್ತೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಹಿಂದಿನ ದಿನ ಅಕ್ಕ ನನ್ನನ್ನು ಕರೆದು, "ನಾಳೆ ನನ್ನ ಜೊತೆ ಇರ್ತೀಯಾ? ಈ ಸಲ ಹೇಳ್ತೀನಿ" ಎಂದರು.

ಎರಡು ಗಂಟೆಗೆ ಆ ತಾಯಿ ಬಂದರು. ಸಣ್ಣಗಿನ ಹೆಂಗಸು, ಎಣ್ಣೆ ಹಚ್ಚಿ ಬಿಗಿದು ಬಾಚಿದ ನರೆಗೂದಲು, ಮಡಿಲಲ್ಲಿ ಬಟ್ಟೆಯ ಚೀಲ. ಅಕ್ಕ ಕುರ್ಚಿ ಎಳೆದು ಕೊಟ್ಟರು. ನಾನು ಬೀರುವಿನ ಪಕ್ಕ ನಿಂತೆ. ಕಿಟಕಿಯ ಮಾತು ಆಯಿತು. ಮಾಮೂಲಿನ ಪ್ರಶ್ನೆಯೂ ಬಂತು.

"ನೀವು ನೋಡಿದಾಗ ಅವಳು ಏನ್ ಮಾಡ್ತಿದ್ಲು ಸಿಸ್ಟರ್?"

ಅಕ್ಕ ಮೇಜಿನ ಅಂಚು ಹಿಡಿದುಕೊಂಡರು. "ಕಣ್ಣು ಬಿಟ್ಕೊಂಡಿದ್ಲು ಅಮ್ಮ. ಅವಳಿಗೆ ಎಚ್ಚರ ಇತ್ತು. ನಾನು ಒಳಗೆ ಹೋಗ್ಲಿಲ್ಲ. ಹಣೆ ಮುಟ್ಟಿ ನೋಡ್ಲಿಲ್ಲ. ಆಗ್ಲೇ ಕರ್ಕೊಂಡು ಹೋಗಿದ್ರೆ ಇವತ್ತು ಅವಳು ಇರ್ತಿದ್ಲು. ನನ್ನಿಂದ ಹೀಗಾಯ್ತು."

ಆ ತಾಯಿ ಅಳುತ್ತಾರೆ, ಇಲ್ಲವೇ ಅಕ್ಕನ ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡೆ. ಅವರು ಅಲುಗಾಡಲಿಲ್ಲ.

"ನನಗೆ ಗೊತ್ತಿತ್ತು" ಎಂದರು. "ಮಲಗಿದ್ಲು, ಮಲಗಿದ್ಲು ಅಂತ ಪ್ರತಿ ವರ್ಷ ಹೇಳಿದ್ರಿ. ನಿದ್ದೆ ಮಾಡ್ತಿದ್ಲು ಅಂತ ಒಂದು ಸಲಾನೂ ಹೇಳ್ಲಿಲ್ಲ. ಹೆತ್ತವಳಿಗೆ ಅಷ್ಟು ಗೊತ್ತಾಗಲ್ವಾ?"

ಅಕ್ಕ ನೀರಿನ ಲೋಟವನ್ನು ಅವರ ಮುಂದೆ ತಂದಿಟ್ಟರು.

"ಗೊತ್ತಿದ್ದೂ ಯಾಕೆ ಬಂದೆ ಅಂತೀರಾ? ಅವಳನ್ನ ನೆನೆಸ್ಕೊಂಡು ಈಗ್ಲೂ ಕೊರಗೋರು ಅಂದ್ರೆ ಈ ಭೂಮಿ ಮೇಲೆ ನೀವೂ ನಾನೂ ಇಬ್ಬರೇ. ಅವಳಪ್ಪ ಅವಳ ಹೆಸರು ಎತ್ತಿದ್ರೆ ಎದ್ದು ಹೋಗ್ತಾರೆ. ನಿಮ್ಮ ಮುಖ ನೋಡಿದ್ರೆ ನನಗೆ ಅವಳು ಇನ್ನೂ ಎಲ್ಲೋ ಇದಾಳೆ ಅನ್ಸೋದು." ಚೀಲವನ್ನು ಸರಿ ಮಾಡಿಕೊಂಡು ಮೆಲ್ಲಗೆ ಕೇಳಿದರು. "ಇಷ್ಟು ಹೇಳಿದೀರಲ್ಲ, ಇನ್ನೊಂದು ಹೇಳಿ. ನಿಮ್ಮನ್ನ ನೋಡಿದ್ಲಲ್ಲ, ಏನಾದ್ರೂ ಅಂದ್ಲಾ?"

ಬೇಡ ಅಕ್ಕಾ ಎಂದು ನನ್ನ ಒಳಗೆ ಯಾರೋ ಕೂಗಿದರು. ನಾನು ಬಾಯಿಬಡುಕಿ, ಆಗ ಮಾತ್ರ ಬಾಯಿ ಬಿಡಲಿಲ್ಲ.

"ಏನೋ ಹೇಳೋಕೆ ಬಾಯಿ ತೆಗೆದ್ಲು" ಎಂದರು ಅಕ್ಕ. "ಅಷ್ಟರಲ್ಲಿ ನಾನು ಕದ ಎಳ್ಕೊಂಡೆ."

ಅದು ಆ ತಾಯಿಗೆ ಗೊತ್ತಿರಲಿಲ್ಲ. ಅವರ ಮುಖ ನೋಡಲಾರದೆ ನಾನು ಬೀರುವಿನ ಕಡೆ ತಿರುಗಿಕೊಂಡೆ. ಕುರ್ಚಿ ಸರಿದ ಸದ್ದಾಯಿತು. ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಗೇಟಿನ ತನಕ ನಾನು ಹಿಂದೆಯೇ ಹೋದೆ. ತಿರುಗಿ ನೋಡದೆ ರಸ್ತೆ ದಾಟಿದರು.

ಮನಸ್ಸು ಹಗುರವಾಗುವುದು ಎಲ್ಲಿಂದ ಬಂತು? ಅಕ್ಕ ಎಂದಿನ ಹಾಗೆಯೇ ಬೆಳಗ್ಗೆ ಹತ್ತಕ್ಕೆ ಬಾಗಿಲು ತಟ್ಟುತ್ತಾ ಹೋದರು, ಹದಿನಾಲ್ಕನ್ನೂ ಸೇರಿಸಿ.

ಮುಂದಿನ ವರ್ಷ ಅದೇ ದಿನ ನಾನು ಒಂದೂವರೆಗೇ ಸಿಕ್ ರೂಮಿಗೆ ಹೋದೆ. ಅಕ್ಕ ಹೂಜಿಗೆ ಹೊಸ ನೀರು ತುಂಬಿದ್ದರು. ಎರಡಾಯಿತು, ಮೂರಾಯಿತು. ಬಸ್ಸು ತಡವಿರಬೇಕು ಎಂದೆ. ಹೂಂ, ತಡವಿರಬೇಕು ಎಂದರು. ನಾಲ್ಕು ಗಂಟೆಗೆ ತಾವೇ ಗೇಟಿಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದರು. ಐದಕ್ಕೆ ಇನ್ನೊಂದು ಸಲ ಹೋದರು. ಆಮೇಲೆ ಖಾಲಿ ಕುರ್ಚಿಯ ಎದುರು ಕೂತು, "ಬರಲಿಲ್ಲ ಕಣೇ, ಇನ್ನು ಬರಲ್ಲ ಅವರು" ಎಂದು, ಆ ತಾಯಿಯ ಹೆಸರು ಕೇಳಿದರೇ ನಡುಗುತ್ತಿದ್ದ ಹೆಂಗಸು, ಎಳೆ ಮಗುವಿನ ಹಾಗೆ ಅತ್ತರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳಿಬಿಡಿ ಎಂದವಳು ನಾನು, ಸಮಾಧಾನ ಮಾಡಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ.